ಡಿಸ್ಕ್ ನುಂಗದ ಸಾಲು

ಮಾರ್ಲೆನ್ ಪ್ಲಗ್ಗಿಗೆ ಕೈಹಾಕಿ ಒಂದೇ ಎಳೆತಕ್ಕೆ ಕಿತ್ತ.

ಮೇಜಿನ ಮೇಲಿದ್ದ ಕಂಪ್ಯೂಟರಿನ ಪರದೆ ತಟ್ಟನೆ ಕಪ್ಪಾಯಿತು. ಒಳಗಿನ ಫ್ಯಾನಿನ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು. ಅವನು ಪ್ಲಗ್ಗನ್ನು ಮತ್ತೆ ಸಿಕ್ಕಿಸಿ, ಯಂತ್ರ ಚಾಲೂ ಮಾಡಿ, ಕೈಕಟ್ಟಿ ನಿಂತ.

ಪರದೆ ಬೆಳಗಿತು. ಪರೀಕ್ಷೆಗೆಂದು ಆಗಷ್ಟೇ ಬರೆಸಿದ್ದ ಕೊನೆಯ ಸಾಲು ಇದ್ದಲ್ಲೇ ಇತ್ತು: 'ಸೈರನ್ ಗುಂಡಿ ಒತ್ತಲಾಗಿದೆ.'

"ನೋಡಿದ್ರಾ ಎಜೆ?" ಎಂದ. ಪೊಲೀಸಿನವಳಾದರೇನು, ವಯಸ್ಸಿನಲ್ಲಿ ಹಿರಿಯಳಾದ ಹೆಂಗಸು ಅವನಿಗೆ ಎಜೆ, ಅಂದರೆ ಅಕ್ಕ. "ಕರೆಂಟ್ ಹೋಗ್ಲಿ, ಭೂಕಂಪ ಆಗ್ಲಿ. ನನ್ನ ಪ್ರೋಗ್ರಾಂ ಒಂದ್ಸಲ 'ಉಳಿಸಿದೆ' ಅಂತ ಹೇಳಿದ್ರೆ ಮುಗೀತು. ಅವತ್ತು ದೂಲತ್ ಗುಂಡಿ ಒತ್ತಿದ್ರೆ ಅವತ್ತಿನ ದಾಖಲೇಲಿ ಇಂಥ ಸಾಲು ಇರ್ಬೇಕಿತ್ತು. ಇಲ್ಲ. ಅಂದ್ರೆ ಒತ್ತಿಲ್ಲ."

ತನಿಖಾಧಿಕಾರಿ ಜಿಪಾರ್ ಕಿಟಕಿಯಾಚೆ ಅಂಗಳದ ಬೆಂಚಿನ ಮೇಲೆ, ಕೈಗೆ ಬೇಡಿ ತೊಡಿಸಿಕೊಂಡು ಕೂತಿದ್ದ ದೂಲತ್‌ನ ಬೆನ್ನನ್ನು ನೋಡುತ್ತಿದ್ದಳು.

ಅಯೂ-ಕೋಲ್ ಸರೋವರದ ಹಿಮದ ಅಂಚು ಒಡೆದು ಬೋಜ್‌ಬಾಶ್ ಕಣಿವೆಯ ಗುಡಾರಗಳು ಕೆಸರಿನಲ್ಲಿ ಕೊಚ್ಚಿಹೋದ ಮಧ್ಯಾಹ್ನ, ಈ ಕಾವಲು ಕೇಂದ್ರದ ಪಾಳಿಯಲ್ಲಿದ್ದವನು ಅವನೇ. ಗುಂಡಿ ಒತ್ತಿದೆ, ಸೈರನ್ ಕೂಗಲಿಲ್ಲ ಎಂದು ಅವನು ಹೇಳುತ್ತಿದ್ದ. ಒತ್ತಿದ ಗುರುತೇ ಇಲ್ಲ ಎಂದು ಯಂತ್ರ ಹೇಳುತ್ತಿತ್ತು. ಕಣಿವೆಯಲ್ಲಿದ್ದ ಸೈರನ್ ಕಂಬ ಪ್ರವಾಹದಲ್ಲೇ ಹೋಗಿದ್ದರಿಂದ ಅದನ್ನು ಪರೀಕ್ಷಿಸುವಂತಿರಲಿಲ್ಲ.

ಸತ್ತವರಲ್ಲಿ ದೂಲತ್‌ನ ಒಡಹುಟ್ಟಿದ ಅಕ್ಕ ಬುರುಲ್ ಕೂಡ ಇದ್ದಳು. ನಾಳೆ ಬೆಳಿಗ್ಗೆ ಅವನನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕು. ಊರಿನವರು ಅವನ ಹೆಸರು ಬಂದಾಗಲೆಲ್ಲ ನೆಲಕ್ಕೆ ಉಗಿಯುತ್ತಿದ್ದರು.

"ಸಾಕಲ್ಲ ಮಗಳೇ?" ಮೂಲೆಯ ಕುರ್ಚಿಯಿಂದ ಎಸೆನ್‌ಕುಲ್ ಕೇಳಿದ. ಕೇಂದ್ರದ ಮುಖ್ಯಸ್ಥ, ಬಿಳಿ ಉಣ್ಣೆಯ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ಚಹಾದ ಬಟ್ಟಲನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದ. "ಆ ಹುಡುಗ ನಿದ್ದೆ ಹೋಗಿರ್ತಾನೆ. ಪಾಪ, ಈಗ ಒಪ್ಕೊಳ್ಳೋಕೆ ಬಾಯಿ ಬರ್ತಿಲ್ಲ. ಸ್ವಂತ ಅಕ್ಕನ್ನ ತಿಂದ ಮೇಲೆ ಯಾರಿಗೆ ತಾನೆ ಬಾಯಿ ಬರುತ್ತೆ?"

"ಮಾರ್ಲೆನ್," ಜಿಪಾರ್ ತಿರುಗಿದಳು, "ನೀನೀಗ ಪ್ಲಗ್ ಕಿತ್ತ ಯಂತ್ರ ಯಾವುದು?"

"ಜಿಲ್ಲಾ ಕಚೇರೀದು. ವಿಂಡೋಸ್. ನಿಮ್ಮ ಜೀಪಲ್ಲೇ ತಂದ್ವಲ್ಲ."

"ಅವತ್ತು ದೂಲತ್ ಕೂತಿದ್ದದ್ದು?"

ಮಾರ್ಲೆನ್ ಕಿಟಕಿ ಪಕ್ಕದ ಚಪ್ಪಟೆ ಬೆಳ್ಳಿಬಣ್ಣದ ಪೆಟ್ಟಿಗೆಯತ್ತ ಗಲ್ಲ ಎತ್ತಿದ. ಅದಕ್ಕೆ ತಂತಿಯಿಂದ ಕಟ್ಟಿದ್ದ ಪುಟ್ಟ ಡಿಸ್ಕ್ ಪೆಟ್ಟಿಗೆ. "ಅದು. ಮ್ಯಾಕ್. ಆದ್ರೆ ಪ್ರೋಗ್ರಾಂ ಒಂದೇ ಎಜೆ. ನಾನೇ ಬರೆದದ್ದು. ಇಲ್ಲೂ ಓಡುತ್ತೆ, ಅಲ್ಲೂ ಓಡುತ್ತೆ."

"ಹೊಟ್ಟೆನೋವು ಅಂದವನ ಹೊಟ್ಟೆ ಮುಟ್ಟಿ ನೋಡ್ಬೇಕು. ಅವನ ದಾಯಾದಿ ಹೊಟ್ಟೆ ಮುಟ್ಟಿ 'ಏನೂ ಇಲ್ಲ' ಅಂದ್ರೆ ಆಗುತ್ತಾ? ಅದರ ಪ್ಲಗ್ ಕೀಳು."

ಮಾರ್ಲೆನ್ ಹುಬ್ಬೇರಿಸಿದ. ಎಸೆನ್‌ಕುಲ್‌ನ ಬಟ್ಟಲು ಅಂಗೈಯಲ್ಲಿ ತಿರುಗುವುದನ್ನು ನಿಲ್ಲಿಸಿತು.

ಅದನ್ನು ಜಿಪಾರ್ ನೋಡಿದಳು.

"ಸಾಕ್ಷಿ ಕೆಡಲ್ವಾ ಮಗಳೇ?" ಎಂದ ಅವನು.

"ಅಸಲಿ ಡಿಸ್ಕು ಮೊಹರು ಮಾಡಿ ನನ್ನ ಪೆಟ್ಟಿಗೇಲಿದೆ ಬೈಕೆ. ಇದು ಅದರ ಪಡಿಯಚ್ಚು. ಅದೇ ಕಂಪನಿ, ಅದೇ ಮಾದರಿ. ಪ್ರವಾಹದ ದಿನ ಅದರಲ್ಲಿ ಏನೇನಿತ್ತೋ ಇದರಲ್ಲೂ ಅದೇ ಇದೆ."

ಹಿರಿಯರನ್ನು ಕರೆಯುವಂತೆ ಬೈಕೆ ಎಂದಳು. ಧ್ವನಿಯಲ್ಲಿ ಆ ಸಲಿಗೆ ಇರಲಿಲ್ಲ.

ಮಾರ್ಲೆನ್ ಮ್ಯಾಕ್ ಮುಂದೆ ಕೂತ. ಪರದೆಯ ಮೇಲಿನ ಕೆಂಪು ಗುಂಡಿ ಒತ್ತಿದ. 'ಉಳಿಸಿದೆ' ಎಂಬ ಹಸಿರು ಅಕ್ಷರ ಮೂಡಿತು. ಯಂತ್ರಕ್ಕೂ ಡಿಸ್ಕಿಗೂ ಸೇರಿದ್ದ ಒಂದೇ ಪ್ಲಗ್ಗನ್ನು ಕಿತ್ತ. ಕಾದ. ಸಿಕ್ಕಿಸಿದ.

ಸಾಲು ಅಲ್ಲೇ ಇತ್ತು.

"ಆಯ್ತಾ?" ಎಸೆನ್‌ಕುಲ್ ನಕ್ಕು ಎದ್ದು ನಿಂತ. ಟೋಪಿ ತಲೆಗೇರಿತು. "ನಡೀರಿ, ಕೆಳಗೆ ಊಟ ಹೇಳಿದೀನಿ. ಕುರಿ ಕೊಯ್ದಿದಾರೆ."

ಜಿಪಾರ್ ಕದಲಲಿಲ್ಲ. ಅವಳ ಕಣ್ಣು ಡಿಸ್ಕ್ ಪೆಟ್ಟಿಗೆಯ ಪುಟ್ಟ ದೀಪದ ಮೇಲಿತ್ತು. ಅದು ಆಗೊಮ್ಮೆ ಈಗೊಮ್ಮೆ ಆಕಳಿಸಿದಂತೆ ಮಿನುಗುತ್ತಿತ್ತು. ಹೊರಗೆ ಬಿಸಿಲು, ಮೇಲೆ ಸರೋವರ ಶಾಂತ. ನೀರಿನ ಮಟ್ಟದ ಅಳತೆಗೋಲಿನಿಂದ ಬರುವ ಅಂಕಿಗಳೂ ಸೋಮಾರಿಯಾಗಿ ಬರುತ್ತಿದ್ದವು.

ಆ ಮಧ್ಯಾಹ್ನ ಹಾಗಿರಲಿಲ್ಲ.

"ನೀರು ಹುಚ್ಚೆದ್ದು ಹರಿದಾಗ ಅಳತೆ ಎಷ್ಟು ಬೇಗ ಬರುತ್ತೆ?"

"ಬಿಡುವೇ ಇರಲ್ಲ ಎಜೆ. ಧಾರೆ ಥರ ಬರುತ್ತೆ."

"ಈಗ ಹಾಗೇ ಬರೋ ಹಾಗೆ ಮಾಡು. ಅದು ಬರ್ತಾ ಇರೋವಾಗ್ಲೇ ಗುಂಡಿ ಒತ್ತು. ಒತ್ತಿದ ಕೂಡ್ಲೇ ಕೀಳು."

"ವ್ಯತ್ಯಾಸ ಏನೂ..."

"ಮಾಡೋ."

ಮಾರ್ಲೆನ್ ಒಂದಿಷ್ಟು ಟೈಪು ಮಾಡಿದ. ಪರದೆಯ ಮೇಲೆ ಅಂಕಿಗಳು ನುಗ್ಗತೊಡಗಿದವು. ಡಿಸ್ಕಿನ ದೀಪ ಮಿನುಗುವುದನ್ನು ಬಿಟ್ಟು ಒಂದೇ ಸಮನೆ ಉರಿಯಿತು. ಅವನು ಕೆಂಪು ಗುಂಡಿ ಒತ್ತಿದ.

'ಉಳಿಸಿದೆ.'

ಕಿತ್ತ.

ಈ ಸಲ ಯಂತ್ರ ಏಳುವವರೆಗೆ ಎಸೆನ್‌ಕುಲ್ ಕೂರಲಿಲ್ಲ, ಹೊರಗೂ ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

ಪರದೆ ಬೆಳಗಿತು. ಅಂಕಿಗಳು, ಅಂಕಿಗಳು, ಮತ್ತಷ್ಟು ಅಂಕಿಗಳು. ಆಮೇಲೆ ಖಾಲಿ.

ಸೈರನ್ನಿನ ಸಾಲು ಇರಲಿಲ್ಲ.

ಮಾರ್ಲೆನ್ ಪರದೆಗೆ ಮೂಗು ತಾಗುವಷ್ಟು ಬಗ್ಗಿದ. ಅವನ ಕಿವಿಯ ತುದಿ ಕೆಂಪಾಯಿತು. "ಇಲ್ಲ... ಹೀಗಾಗೋಕೆ ಸಾಧ್ಯಾನೇ ಇಲ್ಲ."

"ಆಗಿದೆಯಲ್ಲ."

"ಇನ್ನೊಂದ್ಸಲ ಮಾಡ್ತೀನಿ."

ಮಾಡಿದ. ಮತ್ತೆ ಇಲ್ಲ. ಅಂಕಿಗಳ ಅದೇ ಧಾರೆಯಲ್ಲಿ ಜಿಲ್ಲಾ ಕಚೇರಿಯ ವಿಂಡೋಸ್ ಯಂತ್ರವನ್ನೂ ಓಡಿಸಿ ಪ್ಲಗ್ ಕಿತ್ತ. ಅದರಲ್ಲಿ ಸಾಲು ಉಳಿಯಿತು. ಮ್ಯಾಕ್‌ನಲ್ಲಿ ಮಾತ್ರ ಕಾಣೆ.

ಜಿಪಾರ್ ಹೊರಗೆ ನೋಡಿದಳು. ಬೆಂಚಿನ ಮೇಲಿದ್ದವನು ಬೇಡಿಯ ಕೈಗಳನ್ನು ಮೊಣಕಾಲ ನಡುವೆ ಇಳಿಬಿಟ್ಟು ಸರೋವರದ ಕಡೆಗೇ ನೋಡುತ್ತಿದ್ದ. ಇಷ್ಟು ದಿನ ಅವನು ಒಂದೇ ಮಾತು ಹೇಳುತ್ತಿದ್ದ: ಹಸಿರು ಅಕ್ಷರ ನೋಡಿದೆ ಎಜೆ, ನನ್ನ ಕಣ್ಣಾರೆ ನೋಡಿದೆ. ಯಾರೂ ನಂಬಿರಲಿಲ್ಲ. ಅವಳೂ ಪೂರ್ತಿ ನಂಬಿರಲಿಲ್ಲ.

"ನನಗೆ ಅರ್ಥ ಆಗೋ ಹಾಗೆ ಹೇಳು," ಎಂದಳು. "ಉಳಿಸಿದೆ ಅಂತ ಹೇಳಿ ಯಾಕೆ ಉಳಿಸಲಿಲ್ಲ?"

ಮಾರ್ಲೆನ್ ತಲೆಗೂದಲೊಳಗೆ ಬೆರಳಾಡಿಸಿದ. "ಪ್ರೋಗ್ರಾಂ ಬರೆದದ್ದು ಸೀದಾ ಡಿಸ್ಕಿಗೆ ಹೋಗಲ್ಲ ಎಜೆ. ಮೊದಲು ಕಂಪ್ಯೂಟರಿನ ನೆನಪಲ್ಲಿ ಇರುತ್ತೆ. 'ಈಗಲೇ ಕೆಳಗಿಳಿಸು' ಅಂತ ನಾವು ಅಪ್ಪಣೆ ಕೊಡ್ಬೇಕು. ವಿಂಡೋಸ್‌ಗೆ ಕೊಡೋ ಅಪ್ಪಣೆ ಡಿಸ್ಕಿನ ತಳಕ್ಕೇ ಮುಟ್ಟುತ್ತೆ. ಲಿನಕ್ಸ್‌ಗೆ ಕೊಟ್ರೂ ಮುಟ್ಟುತ್ತೆ. ಮ್ಯಾಕ್‌ಗೆ ಲಿನಕ್ಸಿನ ಅದೇ ಅಪ್ಪಣೆ ಕೊಟ್ರೆ, ಅದು ಡಿಸ್ಕಿನ ಕೈಗೆ ಒಪ್ಪಿಸಿ ಸುಮ್ನಾಗುತ್ತೆ. ಡಿಸ್ಕಿಗೂ ತನ್ನದೇ ಒಂದು ಪುಟ್ಟ ನೆನಪಿದೆ. ಬಿಡುವಿದ್ರೆ ಬೇಗ ನುಂಗುತ್ತೆ, ಧಾರೆ ಬಂದಾಗ ತುತ್ತು ಬಾಯಲ್ಲೇ ಇಟ್ಕೊಂಡು 'ಉಂಡೆ' ಅನ್ನುತ್ತೆ. ಆಗ ಕರೆಂಟ್ ಹೋದ್ರೆ ತುತ್ತೂ ಹೋಯ್ತು."

"ನಿನಗಿದು ಗೊತ್ತಿತ್ತು."

"ಗೊತ್ತಿತ್ತು! ಮ್ಯಾಕ್‌ನ ಕೈಪಿಡೀಲೇ ಬರೆದಿದೆ, ನುಂಗಿಸ್ಬೇಕಾದ್ರೆ ಬೇರೆ ಅಪ್ಪಣೆ ಕೊಡಿ ಅಂತ. ಚಳಿಗಾಲದಲ್ಲಿ ಒಂದ್ಸಲ ಕರೆಂಟ್ ಹೋಗಿ ಅಳತೆಗಳು ಕಾಣೆಯಾದಾಗ ನಾನೇ ಕಂಡುಹಿಡಿದೆ. ವಸಂತದಲ್ಲಿ ಹಿಮ ಕರಗಿದ ಕೂಡ್ಲೇ ವ್ಯಾನ್ ಹತ್ಕೊಂಡು ಮತ್ತೆ ಇಲ್ಲಿಗೆ ಬಂದು ಸರಿಪಡಿಸಿದೀನಿ. ಅದಕ್ಕೇ ಅಷ್ಟು ಧೈರ್ಯವಾಗಿ ಹೇಳಿದ್ದು, ಸಾಲಿಲ್ಲ ಅಂದ್ರೆ ಒತ್ತಿಲ್ಲ ಅಂತ."

"ಸರಿಪಡಿಸಿದ್ದು ಇಲ್ಲಿ ಕಾಣ್ತಿಲ್ಲವಲ್ಲ ಮಾರ್ಲೆನ್."

ಅವನು ಮತ್ತೊಮ್ಮೆ ಪರದೆಯತ್ತ ಬಗ್ಗಿದ.

ಆ ಪ್ರಶ್ನೆಯನ್ನು ಜಿಪಾರ್ ಸದ್ಯಕ್ಕೆ ಪಕ್ಕಕ್ಕಿಟ್ಟಳು. ಅದಕ್ಕಿಂತ ಹತ್ತಿರದ ಪ್ರಶ್ನೆ ಬಾಗಿಲಲ್ಲಿ ನಿಂತಿತ್ತು.

"ಬೈಕೆ, ಕರೆಂಟ್ ಹೋದ್ರೆ ತಾನೆ ಸಾಲು ಹೋಗೋದು? ಪ್ರವಾಹ ಕಂಬಗಳನ್ನ ಉರುಳಿಸಿತು, ಸರಿ. ಆದ್ರೆ ಇಲ್ಲಿ ಬ್ಯಾಟರಿ ಇದೆ. ಕಂಬ ಬಿದ್ರೂ ಇಡೀ ದಿನ ನಡೆಯುತ್ತೆ. ಹೌದಾ?"

"ಬ್ಯಾಟರಿ ಸ್ವಿಚ್ಚು ತಾನಾಗೇ ಹಾರಿತ್ತು. ವರದೀಲಿ ಬರೆದಿದೀನಲ್ಲ."

"ಬನ್ನಿ."

ಮೂವರೂ ಹಿತ್ತಿಲಿನ ತಗಡಿನ ಶೆಡ್ಡಿಗೆ ಹೋದರು. ಎಸೆನ್‌ಕುಲ್ ತನ್ನ ಸೊಂಟದ ಗೊಂಚಲಿನಿಂದ ಕೀಲಿ ತೆಗೆದು ಬೀಗ ಬಿಚ್ಚಿದ. ಆ ಬೀಗಕ್ಕೆ ಬೇರೆ ಕೀಲಿ ಇರಲಿಲ್ಲ. ಒಳಗೆ ಸಾಲಾಗಿ ಬ್ಯಾಟರಿಗಳು, ಗೋಡೆಯ ಮೇಲೆ ಹೆಬ್ಬೆರಳು ಗಾತ್ರದ ಕರಿ ಸ್ವಿಚ್ಚು.

ಜಿಪಾರ್ ಅದರ ಪರೀಕ್ಷೆಯ ಗುಂಡಿಯನ್ನು ಒತ್ತಿದಳು. ಟಕ್ಕೆಂದು ಹಾರಿತು.

"ಎಲ್ಲಿ ನಿಂತಿದೆ ನೋಡಿ."

ಸ್ವಿಚ್ಚಿನ ಹಿಡಿ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ. ನಟ್ಟನಡುವೆ ನಿಂತಿತ್ತು.

"ತಾನಾಗೇ ಹಾರಿದ್ದು ನಡುವೆ ನಿಲ್ಲುತ್ತೆ," ಎಂದಳು. ಫೋನ್ ತೆಗೆದು ಚಿತ್ರವೊಂದನ್ನು ಅವನ ಮುಖದ ಮುಂದೆ ಹಿಡಿದಳು. "ಇದು ಪ್ರವಾಹದ ಮರುದಿನ ನಮ್ಮವರು ತೆಗೆದದ್ದು. ಪೂರ್ತಿ ಕೆಳಗಿದೆ. ಕೈಯಿಂದ ಇಳಿಸದೆ ಅಷ್ಟು ಕೆಳಗೆ ಹೋಗಲ್ಲ."

ಎಸೆನ್‌ಕುಲ್ ಚಿತ್ರವನ್ನು ಬಹಳ ಹೊತ್ತು ನೋಡಿದ. ಕಣ್ಣು ಕಾಣದವನಂತೆ ಹಿಂದಕ್ಕೆ, ಮುಂದಕ್ಕೆ ತಲೆ ಸರಿಸಿದ.

"ನಾನೇ ಇಳಿಸಿದೆ," ಎಂದ ಕಡೆಗೆ. "ಹೌದು. ಏನೀಗ? ನೀರು ನುಗ್ಗಿತ್ತು ಮಗಳೇ. ಬ್ಯಾಟರಿಗೆ ನೀರು ತಾಗಿದ್ರೆ ಬೆಂಕಿ. ಕೇಂದ್ರವೇ ಸುಟ್ಟುಹೋಗೋದು. ಹೆದರಿ ಇಳಿಸಿದೆ, ಹೆದರಿ ಸುಳ್ಳು ಬರೆದೆ."

"ಈ ಶೆಡ್ಡಿಗೆ ನೀರು ನುಗ್ಗಿತ್ತಾ?"

"ನುಗ್ಗಿತ್ತು ಅಂದ್ನಲ್ಲ."

ಜಿಪಾರ್ ಶೆಡ್ಡಿನ ಹಿಂಬದಿಗೆ ಕೈತೋರಿದಳು. ಚಳಿಗಾಲಕ್ಕೆಂದು ಪ್ರವಾಹಕ್ಕೂ ಮೊದಲೇ ಒಟ್ಟಿದ್ದ ಬೆರಣಿಯ ರಾಶಿ ನೆಲದಿಂದ ಎದೆಮಟ್ಟದವರೆಗೆ ಇತ್ತು. ಕೆಳಗಿನ ಸಾಲಿನಿಂದ ಒಂದನ್ನು ಎಳೆದು ಮುರಿದಳು. ಒಣ ಹುಲ್ಲಿನ ಎಳೆಗಳು ಪುಡಿಯಾಗಿ ಉದುರಿದವು.

"ನೆನೆದ ಬೆರಣಿ ಹೀಗಿರುತ್ತಾ ಬೈಕೆ? ಕರಗಿ ಸಗಣಿಯಾಗಿರ್ಬೇಕಿತ್ತು. ನಾನೂ ಹುಲ್ಲುಗಾವಲಲ್ಲೇ ಬೆಳೆದವಳು. ತಟ್ಟಿದೀನಿ, ಒಟ್ಟಿದೀನಿ."

ಶೆಡ್ಡಿನಲ್ಲಿ ನೊಣವೊಂದು ತಗಡಿಗೆ ಬಡಿದುಕೊಳ್ಳುತ್ತಿತ್ತು.

"ಸೈರನ್ ಸತ್ತಿತ್ತು ಅಲ್ವಾ?" ಅವಳ ಧ್ವನಿ ತಗ್ಗಿತು. "ದೂಲತ್ ಒತ್ತಿದ. ಕೂಗಲಿಲ್ಲ. 'ಒತ್ತಲಾಗಿದೆ' ಅಂತ ಯಂತ್ರದಲ್ಲಿ ಸಾಲು ಉಳಿದ್ರೆ, ಸೈರನ್ ಯಾಕೆ ಕೂಗಲಿಲ್ಲ ಅಂತ ನಿಮ್ಮನ್ನ ಕೇಳ್ತಿದ್ರು. ಸಾಲೇ ಇಲ್ದಿದ್ರೆ ಅವನೊಬ್ಬನನ್ನ ಕೇಳ್ತಾರೆ. ಓಡಿಬಂದು ಸ್ವಿಚ್ಚು ಇಳಿಸಿದ್ರಿ."

ಎಸೆನ್‌ಕುಲ್‌ನ ಮುಖದ ಮೇಲೆ ಏನೋ ಒಂದು ಸರಿದುಹೋಯಿತು. ಭಯ ಕಾಣಬಹುದೆಂದು ಕಾದಿದ್ದ ಜಿಪಾರ್‌ಗೆ ಅದು ಭಯದಂತೆ ಕಾಣಲಿಲ್ಲ. ಲೆಕ್ಕ ಹಾಕುವವನ ಮುಖ ಅದು.

"ಒಳ್ಳೇ ಕಥೆ ಹೆಣೀತೀಯ ಮಗಳೇ," ಎಂದ ಸಮಾಧಾನವಾಗಿ. "ಆದ್ರೆ ನಾನು ಕುರಿ ಕಾಯ್ದು ಬೆಳೆದವನು. ಸ್ವಿಚ್ಚು ಇಳಿಸಿದ್ರೆ ಯಂತ್ರ ಮರೆಯುತ್ತೆ ಅಂತ ನನಗೆ ಹೇಗೆ ಗೊತ್ತಿರ್ಬೇಕು? ಅದು ಗೊತ್ತಿದ್ದವನು ನಿನ್ನ ಪಕ್ಕದಲ್ಲೇ ನಿಂತಿದಾನೆ. ಅವನ ಕೈಗೆ ಯಾಕೆ ಬೇಡಿ ಇಲ್ಲ?"

"ನಾನೇ ನಿಮಗೆ ಹೇಳಿದ್ದೆ!" ಮಾರ್ಲೆನ್ ಕೂಗಿದ. "ಚಳಿಗಾಲದಲ್ಲಿ, ಒಳಗಿನ ಕೋಣೇಲಿ, ನಿಮ್ಮ ಮನೆ ರೊಟ್ಟಿ ತಿಂತಾ ಹೇಳಿದ್ದೆ, ಈ ಡಿಸ್ಕು ಸುಳ್ಳು ಹೇಳುತ್ತೆ ಬೈಕೆ, ಹುಷಾರು ಅಂತ!"

"ಹೇಳಿದ್ದೆ. ಆಮೇಲೆ ವಸಂತದಲ್ಲಿ ಬಂದು ಏನು ಹೇಳ್ದೆ? ಅದನ್ನೂ ಹೇಳಪ್ಪ."

ಮಾರ್ಲೆನ್ ತಡವರಿಸಿದ. "ಸರಿಯಾಯ್ತು... ಇನ್ನು ಮರೆಯಲ್ಲ ಅಂತ ಹೇಳ್ದೆ."

"ಅದನ್ನೇ ನಂಬಿದ್ದೆ ನಾನು," ಎಂದು ಎಸೆನ್‌ಕುಲ್ ಎರಡೂ ಅಂಗೈ ಚಾಚಿದ. "ಮರೆಯೋದೇ ಇಲ್ಲ ಅಂತ ನಂಬಿದವನು, ಮರೆಸೋಕೆ ಅಂತ ಸ್ವಿಚ್ಚು ಇಳಿಸ್ತಾನಾ?"

ಬೆರಣಿಯ ತುಂಡು ಜಿಪಾರ್‌ಳ ಕೈಯಲ್ಲೇ ಉಳಿಯಿತು.

ಅವನು ಹೇಳಿದ್ದು ಸರಿ. ಅದೇ ಅವಳನ್ನು ಚುಚ್ಚಿತು. ಯಂತ್ರ ಸರಿಯಾಗಿದೆ ಎಂದು ತಿಳಿದವನಿಗೆ ಸ್ವಿಚ್ಚಿನಿಂದ ಏನೂ ಪ್ರಯೋಜನವಿಲ್ಲ. ಪ್ರಯೋಜನವಿರುವುದು, ಆ ಸರಿಪಡಿಸಿದ್ದನ್ನು ಮತ್ತೆ ಯಾರೋ ಕೆಡಿಸಿದ್ದಾರೆ ಎಂದು ತಿಳಿದವನಿಗೆ ಮಾತ್ರ.

"ಮಾರ್ಲೆನ್, ಒಳಗೆ ನಡಿ. ಈ ಯಂತ್ರದಲ್ಲಿ ಓಡ್ತಿರೋದು ನಿನ್ನ ಹೊಸ ಪ್ರೋಗ್ರಾಮಾ, ಹಳೇದಾ, ನೋಡು."

ಅವನು ಓಡಿದ. ಜಿಪಾರ್ ಅವನ ಬೆನ್ನ ಹಿಂದೆ ನಿಂತಳು. ಕಡತಗಳ ಪಟ್ಟಿ ಪರದೆಯ ಮೇಲೆ ಸರಿಯಿತು. ಬೆರಳು ಒಂದೆಡೆ ನಿಂತಿತು.

"ಹಳೇದು," ಎಂದ ಪಿಸುದನಿಯಲ್ಲಿ. "ನನ್ನದನ್ನ ತೆಗೆದು ಹಳೇದನ್ನ ವಾಪಸ್ ಹಾಕಿದಾರೆ. ನುಂಗಿಸೋ ಅಪ್ಪಣೆ ಇದರಲ್ಲಿ ಇಲ್ಲ."

"ಯಾವತ್ತು?"

ಮಾರ್ಲೆನ್ ತಾರೀಖು ಓದಿದ. ಇನ್ನೊಮ್ಮೆ ಓದಿದ. ಕುರ್ಚಿಯಲ್ಲೇ ಮೆಲ್ಲಗೆ ಅವಳತ್ತ ತಿರುಗಿದ.

"ಪ್ರವಾಹದ ಹಿಂದಿನ ದಿನ ಎಜೆ."

ಜಿಪಾರ್ ಆ ತಾರೀಖನ್ನು ತಾನೇ ಬಗ್ಗಿ ಓದಿದಳು. ಸ್ವಿಚ್ಚು ಇಳಿಸಿದ್ದು ಗಾಬರಿಯಲ್ಲಿ ಮಾಡಿದ ಕೆಲಸವಲ್ಲ. ಸರೋವರ ಒಡೆಯುವ ಮೊದಲೇ, ಯಂತ್ರ ಮರೆಯುವಂತೆ ಯಾರೋ ಸಿದ್ಧಮಾಡಿ ಇಟ್ಟಿದ್ದರು. ಅಂದರೆ ನೀರು ಬರುತ್ತದೆಂದು ಅವರಿಗೆ ಗೊತ್ತಿತ್ತು. ತಾನಾಗಿ ಒಡೆಯುವ ಹಿಮದ ಅಂಚು ಹಿಂದಿನ ದಿನವೇ ಯಾರಿಗೂ ಹೇಳಿಕಳಿಸುವುದಿಲ್ಲ.

"ಈ ತಾರೀಖನ್ನ ನಂಬಬಹುದಾ? ಕರೆಂಟ್ ಹೋದಾಗ ಇದೂ ಕಲಸಿಹೋಗಿರಬಹುದಲ್ಲ?"

"ಇಲ್ಲ. ಕೊನೆಗಳಿಗೇಲಿ ಬರೆದದ್ದು ಮಾತ್ರ ಬಾಯಲ್ಲಿರುತ್ತೆ. ಇದನ್ನ ಒಂದು ದಿನ ಮೊದಲೇ ಬರೆದಿದಾರೆ. ಆಗಲೇ ತಳ ಸೇರಿದೆ."

"ಬರೆದವರು ಯಾರು? ಯಾರ ಹೆಸರಲ್ಲಿ ಯಂತ್ರ ತೆರೆದಿದಾರೆ?"

ಮಾರ್ಲೆನ್ ಪರದೆಯ ಮೇಲೆ ಇನ್ನೊಂದು ಪಟ್ಟಿ ತೆರೆದ. ನೋಡಿದ. ಪರದೆಯನ್ನೇ ಅವಳತ್ತ ತಿರುಗಿಸಿದ.

ದೂಲತ್.

ಅವಳು ಮೂರು ವಾರದಿಂದ ಉಳಿಸಲು ಹೆಣಗುತ್ತಿದ್ದ ಹೆಸರು.

ಜಿಪಾರ್ ಅಂಗಳಕ್ಕೆ ನಡೆದಳು. ಬಿಸಿಲು ಕಣ್ಣಿಗೆ ಹೊಡೆಯಿತು. ದೂಲತ್ ಅವಳ ಹೆಜ್ಜೆ ಕೇಳಿ ಎದ್ದು ನಿಂತ. ಈ ಮೂರು ವಾರಗಳಲ್ಲಿ ಮೊದಲ ಬಾರಿಗೆ ಅವನ ಮುಖದಲ್ಲಿ ಆಸೆಯ ಎಳೆಯೊಂದು ಕಾಣುತ್ತಿತ್ತು.

"ಸಾಲು ಸಿಕ್ತಾ ಎಜೆ?"

"ನೀನು ಗುಂಡಿ ಒತ್ತಿದ್ದು ನಿಜ ಅಂತ ಗೊತ್ತಾಯ್ತು. ಈಗ ನಾನು ಕೇಳೋದಕ್ಕೆ ನಿಜ ಹೇಳು. ಹಿಂದಿನ ದಿನ ಆ ಯಂತ್ರಕ್ಕೆ ಏನು ಮಾಡ್ದೆ?"

ಆಸೆ ಆರಿತು. ಅವನು ಮತ್ತೆ ಕೂತ.

"ನಿನ್ನ ಅಕ್ಕ ಕೆಳಗಿದಾಳೆ ಅಂತ ಗೊತ್ತಿದ್ದೂ ಮಾಡಿದ್ಯಾ?"

"ಇರ್ಬಾರದಿತ್ತು ಅವಳು!" ದೂಲತ್ ಕೂಗಿದ. ಬೇಡಿಯ ಕೈಗಳಿಂದ ಮುಖ ಒರೆಸಿಕೊಂಡ. "ಹಿಂದಿನ ಸಂಜೇನೇ ಫೋನ್ ಮಾಡಿ ಬೇಡ್ಕೊಂಡೆ ಎಜೆ. ಗುಡಾರ ಬಿಚ್ಚಿ ಮೇಲಿನ ದಿಣ್ಣೆಗೆ ಹೋಗು, ಇವತ್ತೇ ಹೋಗು ಅಂತ. ಕಾರಣ ಹೇಳೋಕಾಗ್ಲಿಲ್ಲ. ಕುದುರೆಗಳ ಹಾಲು ಕರೆಯೋದು ಬಿಟ್ಟು ಎಲ್ಲಿ ಹೋಗ್ಲೋ, ನಾಳಿದ್ದು ನೋಡೋಣ ಅಂತ ನಕ್ಕಳು. ನಕ್ಕಳು ಎಜೆ! ಹಳೇ ಪ್ರೋಗ್ರಾಂ ವಾಪಸ್ ಹಾಕು, ನೀರು ಸ್ವಲ್ಪ ಬರುತ್ತೆ, ದಂಡೆ ದಾಟಲ್ಲ ಅಂತ ನನಗೆ ಹೇಳಿದ್ರು. ನೋಡ್ತಾ ನೋಡ್ತಾ ಅಳತೆ ಹುಚ್ಚೆದ್ದಾಗ, ಒತ್ಬೇಡ ಅಂದಿದ್ರೂ ಗುಂಡಿ ಒತ್ತಿದೆ. ಅದು ಕೂಗ್ಲಿಲ್ಲ."

"ಯಾರು ಹೇಳಿದ್ರು? ನೀರು ಬಿಟ್ಟವರು ಯಾರು?"

ದೂಲತ್ ತಲೆ ಎತ್ತಿದ. ತುಟಿ ಅಲುಗಿತು.

"ಹೇಳಪ್ಪ, ಹೇಳು." ಹಿಂದಿನಿಂದ ಬಂದ ದನಿ ಮೆತ್ತಗಿತ್ತು. ಎಸೆನ್‌ಕುಲ್ ಮೆಟ್ಟಿಲ ಮೇಲೆ ನಿಂತು ಟೋಪಿಯ ಅಂಚನ್ನು ಸರಿಪಡಿಸಿಕೊಳ್ಳುತ್ತಿದ್ದ. "ಅಧಿಕಾರಿ ಕೇಳ್ತಿದಾರೆ, ಎಲ್ಲಾ ಹೇಳು. ಬುರುಲ್‌ಳ ಮಕ್ಕಳು ಅವತ್ತಿಂದ ನನ್ನ ಮನೇಲೇ ಇದಾವೆ, ನನ್ನ ಕೈತುತ್ತೇ ತಿಂತಿದಾವೆ ಅನ್ನೋದನ್ನೂ ಮರೀದೆ ಹೇಳು."

ದೂಲತ್ ಬಾಯಿ ಮುಚ್ಚಿಕೊಂಡ.